ರೈತ ಎಂದರೆ ಯಾರು? ಫೋಂಡಾದಲ್ಲಿ ಎದುರಾದ ಒಂದು ಶಬ್ದದ ಕಥೆ

ನನ್ನ ತಂಗಿಯ ಸಂಸಾರ ಗೋವಾದ ಫೋಂಡಾದಲ್ಲಿದೆ. ಅವಳ ಗಂಡ ಅಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾನೆ. ಮಂಗಳೂರಿನಿಂದ ರೈಲು ಹತ್ತಿ ಮಡಗಾಂವಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದರೆ ಮುಗಿಯಿತು. ಒಂದು ವರ್ಷ ಫೆಬ್ರವರಿಯಲ್ಲಿ ಹೋದಾಗ ಶಿವಾಜಿ ಜಯಂತಿಯ ಸಮಯ. ಪೇಟೆಯಿಂದ ಫರ್ಮಾಗುಡಿಯ ಕಡೆಗೆ ಹೋಗುವ ದಾರಿಯುದ್ದಕ್ಕೂ ಬ್ಯಾನರುಗಳು. ಒಂದರಲ್ಲಿ ಮರಾಠಿಯಲ್ಲಿ ‘ರಯತೇಚಾ ರಾಜಾ’ ಎಂದು ಬರೆದಿತ್ತು. ದೇವನಾಗರಿ ಅಕ್ಷರ ಕೂಡಿಸಿ ಓದಿದ ನಾನು ಜೊತೆಯಲ್ಲಿದ್ದ ತಂಗಿಯ ಮಗನಿಗೆ, “ನೋಡು, ರೈತರ ರಾಜ ಅಂತ ಬರೆದಿದ್ದಾರೆ” ಎಂದೆ.

ಅವನು ಅಲ್ಲೇ ಹುಟ್ಟಿ ಬೆಳೆದ ಹುಡುಗ. ಶಾಲೆಯಲ್ಲಿ ಮರಾಠಿ ಕಲಿತವನು. “ಅಲ್ಲ ಮಾಮ, ರೈತನಿಗೆ ಇಲ್ಲಿ ಶೇತ್ಕರಿ ಅಂತಾರೆ. ರಯತ ಅಂದರೆ ಜನ. ಎಲ್ಲ ಜನ. ನೀವು, ನಾನು, ಎಲ್ಲರೂ” ಎಂದ.

ನಾನು ಸುಮ್ಮನಾದೆ. ಒಂದೇ ಶಬ್ದ. ಇತ್ತ ಕನ್ನಡದಲ್ಲಿ ಅದು ನೇಗಿಲು ಹಿಡಿದವನು. ಅತ್ತ ಮರಾಠಿಯಲ್ಲಿ ಊರಿನ ಎಲ್ಲ ಜನಸಾಮಾನ್ಯರು. ಯಾವುದು ಸರಿ? ಈ ಪ್ರಶ್ನೆ ನನ್ನನ್ನು ಬಿಡದಿರಲು ಇನ್ನೊಂದು ಕಾರಣವೂ ಇತ್ತು. ಮೂವತ್ತು ವರ್ಷ ಗದ್ದೆಯಲ್ಲಿ ದುಡಿದ ನನ್ನ ಅಜ್ಜನನ್ನು ಅವರ ಯೌವನದಲ್ಲಿ ಯಾರೂ ರೈತ ಎಂದು ಕರೆದಿರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಶಬ್ದದ ಹುಟ್ಟು. ರೈತ ಅಚ್ಚ ಕನ್ನಡ ಶಬ್ದವೆಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಅಷ್ಟು ಆಳವಾಗಿ ಅದು ನಮ್ಮ ಮಣ್ಣಿನಲ್ಲಿ ಬೇರು ಬಿಟ್ಟಿದೆ. ಆದರೆ ಅದರ ಮೂಲ ಅರಬಿ ಭಾಷೆಯ ‘ರಈಯ್ಯ’. ಅರಬಿಯಲ್ಲಿ ‘ರಆ’ ಎಂದರೆ ಮೇಯಿಸು, ಕಾಯು ಎಂದರ್ಥ. ಕುರಿ ಕಾಯುವವನು ‘ರಾಈ’. ಅವನು ಕಾಯುವ ಮಂದೆ ‘ರಈಯ್ಯ’. ಮಂದೆಯನ್ನು ಕುರುಬ ಕಾಯುವ ಹಾಗೆ ಆಳುವವನು ಜನರನ್ನು ಕಾಯಬೇಕು ಎಂಬ ಹೋಲಿಕೆಯಿಂದ, ಆಳ್ವಿಕೆಗೆ ಒಳಪಟ್ಟ ಜನರಿಗೂ ಅದೇ ಹೆಸರು ಬಂತು.

ಮದ್ರಸದಲ್ಲಿ ಕಲಿತ ನಮ್ಮ ಮಕ್ಕಳಿಗೆ ಈ ಶಬ್ದ ಹೊಸದಲ್ಲ. ನಿಮ್ಮಲ್ಲಿ ಪ್ರತಿಯೊಬ್ಬರೂ ಕಾಯುವವರೇ, ನಿಮ್ಮ ಕೈಕೆಳಗೆ ಇರುವವರ ಬಗ್ಗೆ ನಿಮ್ಮನ್ನು ಕೇಳಲಾಗುವುದು ಎಂಬ ಅರ್ಥದ ಪ್ರಸಿದ್ಧ ಹದೀಸಿನಲ್ಲಿ ಇರುವುದು ಇದೇ ‘ರಾಈ’, ಇದೇ ‘ರಈಯ್ಯ’. ಆಳುವವನಿಗೆ ಪ್ರಜೆಗಳು, ಮನೆಯವರಿಗೆ ಮನೆಮಂದಿ. ಗಮನಿಸಬೇಕಾದ ಮಾತೆಂದರೆ, ಅಲ್ಲಿ ಲೆಕ್ಕ ಕೊಡಬೇಕಾದವನು ಕಾಯುವವನು. ಮಂದೆಯಲ್ಲ.

ಇದರಲ್ಲಿ ಎರಡು ಮುಖಗಳಿವೆ. ಜನರನ್ನು ಮಂದೆ ಎಂದು ಕರೆಯುವುದು ಇಂದಿನ ಕಿವಿಗೆ ಹಿತವಲ್ಲ. ಆದರೆ ಹಳೆಯ ಕಾಲದ ಬೇರೆ ಶಬ್ದಗಳೂ ಹೀಗೆಯೇ ಹುಟ್ಟಿದವು. ಸಂಸ್ಕೃತದ ‘ಪ್ರಜಾ’ ಎಂದರೆ ಮೂಲದಲ್ಲಿ ಸಂತಾನ, ಮಕ್ಕಳು. ರಾಜನು ತಂದೆ, ಜನರು ಮಕ್ಕಳು. ಒಂದು ಭಾಷೆಯಲ್ಲಿ ಜನರು ಮಂದೆಯಾದರು, ಇನ್ನೊಂದರಲ್ಲಿ ಮಕ್ಕಳಾದರು. ಎರಡರಲ್ಲಿಯೂ ಆಳುವವನ ತಲೆಯ ಮೇಲೆ ಒಂದು ಹೊಣೆ ಇತ್ತು.

ಅರಬಿಯಿಂದ ಈ ಶಬ್ದ ಪಾರ್ಸಿಗೆ ಹೋಯಿತು. ಅಲ್ಲಿ ‘ರಅಯ್ಯತ್’ ಆಯಿತು. ತುರ್ಕಿಯ ಉಸ್ಮಾನಿ ಸಾಮ್ರಾಜ್ಯದಲ್ಲಿ ‘ರಆಯಾ’ ಎಂದರೆ ತೆರಿಗೆ ಕೊಡುವ ಜನ. ಸೈನಿಕರೂ ಅಧಿಕಾರಿಗಳೂ ಅದರಿಂದ ಹೊರಗೆ. ಬೇಸಾಯಗಾರ, ಕುಶಲಕರ್ಮಿ, ವ್ಯಾಪಾರಿ ಎಲ್ಲರೂ ಒಳಗೆ. ದಖ್ಖನಿನಲ್ಲಿ ಬಹಮನಿಗಳು, ಅವರ ನಂತರ ಬಿಜಾಪುರದ ಆದಿಲ್ ಶಾಹಿಗಳು ಆಳಿದರು. ಅವರ ಕಚೇರಿಗಳ ಮೂಲಕ ಪಾರ್ಸಿಯ ರಾಶಿ ರಾಶಿ ಶಬ್ದಗಳು ಕನ್ನಡಕ್ಕೂ ಮರಾಠಿಗೂ ಬಂದವು. ತಾಲೂಕು, ಜಿಲ್ಲೆ, ವಸೂಲಿ, ಫಸಲು, ಜಮೀನು, ರಸೀದಿ, ದಫ್ತರ, ಹುಜೂರು. ಇವುಗಳಿಲ್ಲದೆ ಇವತ್ತಿಗೂ ನಮ್ಮ ತಾಲೂಕು ಕಚೇರಿಯಲ್ಲಿ ಒಂದು ಅರ್ಜಿ ಬರೆಯುವುದು ಕಷ್ಟ. ಅವುಗಳ ಜೊತೆಯಲ್ಲೇ ‘ರಯತ’ವೂ ಬಂತು.

ಫೋಂಡಾ ಆ ಆದಿಲ್ ಶಾಹಿ ಸೀಮೆಯ ಊರು. ಪೇಟೆಯಿಂದ ಸುಮಾರು ಎರಡು ಕಿಲೋಮೀಟರು ದೂರದಲ್ಲಿ ಸಫಾ ಮಸೀದಿ ಇದೆ. 1560ರಲ್ಲಿ ಕಟ್ಟಿದ್ದು. ನಮ್ಮ ಊರಿನ ಮುರಕಲ್ಲಿನಂಥದೇ ಕೆಂಪು ಕಲ್ಲು. ಪಕ್ಕದಲ್ಲಿ ಅದೇ ಕಲ್ಲಿನ ದೊಡ್ಡ ಕೆರೆ, ಗೋಡೆಯಲ್ಲಿ ಮೆಹ್ರಾಬಿನ ಆಕಾರದ ಕಮಾನುಗಳು. ಅಳಿಯನ ಜೊತೆ ಆ ಕೆರೆಯ ಮೆಟ್ಟಿಲಲ್ಲಿ ಕುಳಿತಾಗ ನನಗೆ ಒಂದು ಸಂಗತಿ ನೆನಪಾಯಿತು. ಅದೇ 1560ರಲ್ಲಿ ಪೋರ್ಚುಗೀಸರು ಹಳೆ ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮ ವಿಚಾರಣೆಯ ನ್ಯಾಯಾಲಯವನ್ನು ಸ್ಥಾಪಿಸಿದರು. ಆ ಕಾಲದಲ್ಲೇ ಹೊಳೆಯ ಆಚೆಯ ಕುಶಸ್ಥಳಿಯಿಂದ ಮಂಗೇಶ ದೇವರನ್ನು ಭಕ್ತರು ಹೊಳೆ ದಾಟಿಸಿ ಫೋಂಡಾ ಸೀಮೆಯ ಪ್ರಿಯೋಳಕ್ಕೆ ತಂದರು. ಶಾಂತಾದುರ್ಗೆಯೂ ಹಾಗೆಯೇ ಹೊಳೆ ದಾಟಿ ಕವಳೆಗೆ ಬಂದಳು. ಪೋರ್ಚುಗೀಸರ ಆಳ್ವಿಕೆ ಹೊಳೆಯ ಆ ಕಡೆಗೆ, ಬಿಜಾಪುರದ ಆಳ್ವಿಕೆ ಈ ಕಡೆಗೆ. ಈ ಕಡೆಗೆ ಬಂದವರು ಬಿಜಾಪುರದ ರಯತರಾದರು. ಸಫಾ ಮಸೀದಿಯಲ್ಲಿ ನಮಾಜು ಮಾಡಿದವರೂ ರಯತರೇ, ಮಂಗೇಶನ ಗುಡಿಯಲ್ಲಿ ದೀಪ ಹಚ್ಚಿದವರೂ ರಯತರೇ. ಲೆಕ್ಕದ ಪುಸ್ತಕಕ್ಕೆ ಬೇಕಾದದ್ದು ತೆರಿಗೆ. ಆದರೆ ಶಬ್ದದೊಳಗೆ ಕಾಯುವ ಹೊಣೆಯೂ ಅಡಗಿತ್ತು.

ಗೋವಾ ಬಿಟ್ಟ ಕೆಲವು ಕುಟುಂಬಗಳು ಇನ್ನೂ ತೆಂಕಕ್ಕೆ ನಡೆದು ನಮ್ಮ ಕಡೆಗೂ ಬಂದವು. ಮಂಗಳೂರಿನ ಕೊಂಕಣಿಗರು, ಕ್ರೈಸ್ತರು, ನಮ್ಮ ನೆರೆಮನೆಯವರು, ಎಷ್ಟೋ ಮಂದಿ ಅವರ ಸಂತತಿ.

ಶಿವಾಜಿ ಫೋಂಡಾದ ಕೋಟೆಯನ್ನು ಬಿಜಾಪುರದವರಿಂದ ಗೆದ್ದದ್ದು 1675ರಲ್ಲಿ. ಆಳುವವರು ಬದಲಾದರೂ ರಯತ ಎಂಬ ಶಬ್ದ ಬದಲಾಗಲಿಲ್ಲ. ಬಿಜಾಪುರದ ಕಚೇರಿಯಲ್ಲಿ ಹೇಗೆ ಬಳಕೆಯಲ್ಲಿತ್ತೋ ಹಾಗೆಯೇ ಮರಾಠರ ಕಾಗದಪತ್ರಗಳಲ್ಲಿಯೂ ಉಳಿಯಿತು. ಮುಂದೆ ಫೋಂಡಾ ನಮ್ಮ ಉತ್ತರ ಕನ್ನಡದ ಸೋದೆ ಅರಸರ ಕೈಯಲ್ಲಿತ್ತು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದು, ಸೋದೆಯ ಮೇಲೆಯೂ ಕೈ ಹಾಕಿದಾಗ, ಸೋದೆಯ ಅರಸ ಗೋವಾದಲ್ಲಿ ಆಶ್ರಯ ಪಡೆದ. ಆ ಗಲಿಬಿಲಿಯಲ್ಲಿ ಫೋಂಡಾ ಪೋರ್ಚುಗೀಸರ ವಶವಾಯಿತು. ಗೋವಾದವರು ಇವತ್ತಿಗೂ ‘ಹೊಸ ಗೆಲುವಿನ ಸೀಮೆ’ ಎಂದು ಗುರುತಿಸುವ ತಾಲೂಕುಗಳಲ್ಲಿ ಫೋಂಡಾ ಒಂದು.

ಇಷ್ಟೆಲ್ಲ ಆದರೂ ಮರಾಠಿ ಕಿವಿಯಲ್ಲಿ ರಯತ ಎಂದರೆ ಜನರೇ. ಇದಕ್ಕೆ ಒಳ್ಳೆಯ ಸಾಕ್ಷಿ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆರಂಭಿಸಿದ ‘ರಯತ ಶಿಕ್ಷಣ ಸಂಸ್ಥೆ’. ಕನ್ನಡಿಗ ಆ ಹೆಸರನ್ನು ಓದಿದರೆ ಕೃಷಿ ಶಾಲೆ ಎಂದುಕೊಳ್ಳಬಹುದು. ಅದು ಜನಸಾಮಾನ್ಯರ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ. ಅವರ ವಿದ್ಯಾರ್ಥಿ ನಿಲಯದಲ್ಲಿ ಎಲ್ಲ ಜಾತಿ, ಧರ್ಮಗಳ ಹುಡುಗರು ಒಂದೇ ಸೂರಿನ ಕೆಳಗೆ ಉಂಡು ಓದಿದರು. ಅಲ್ಲಿ ರಯತ ಎಂದರೆ ನನ್ನ ಅಳಿಯ ಹೇಳಿದ ಅರ್ಥವೇ.

ಹಾಗಾದರೆ ಕನ್ನಡದಲ್ಲಿ ಅದು ಬೇಸಾಯಗಾರನಿಗೆ ಮಾತ್ರ ಮೀಸಲಾದದ್ದು ಹೇಗೆ? ಕಾರಣ ಸರಳ. ಹಿಂದಿನ ಕಾಲದಲ್ಲಿ ಸರ್ಕಾರದ ಆದಾಯವೆಂದರೆ ಮುಖ್ಯವಾಗಿ ಭೂಮಿಯ ತೀರ್ವೆ. ಜನರಲ್ಲಿ ಹೆಚ್ಚಿನವರು ಭೂಮಿಯನ್ನೇ ನಂಬಿದವರು. ತೀರ್ವೆ ಕೊಡುವವನೇ ರಯತ, ತೀರ್ವೆ ಬರುವುದು ಗದ್ದೆಯಿಂದ, ಆದ್ದರಿಂದ ಗದ್ದೆಯವನೇ ರಯತ. ಹೀಗೆ ಮೆಲ್ಲ ಮೆಲ್ಲನೆ ಶಬ್ದ ಕಿರಿದಾಯಿತು. ಅದಕ್ಕೆ ಮೊಳೆ ಹೊಡೆದು ಗಟ್ಟಿ ಮಾಡಿದ್ದು ಇಂಗ್ಲಿಷ್ ಕಂಪೆನಿಯ ಸರ್ಕಾರ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಇಲ್ಲಿದ್ದು, 1800ರಲ್ಲಿ ಹೊರಟುಹೋದ. ಬಂಗಾಳದಲ್ಲಿ ಮಾಡಿದ ಹಾಗೆ ನಡುವೆ ಜಮೀನ್ದಾರನನ್ನು ಇಟ್ಟುಕೊಳ್ಳದೆ ಸರ್ಕಾರವೇ ನೇರವಾಗಿ ರೈತನಿಂದ ತೀರ್ವೆ ಪಡೆಯಬೇಕು ಎಂಬುದು ಅವನ ವಾದ. ಇದಕ್ಕೆ ‘ರೈತವಾರಿ’ ಎಂದು ಹೆಸರು. ಮುಂದೆ ಅವನು ಮದ್ರಾಸಿನ ಗವರ್ನರಾದಾಗ ಆ ಪದ್ಧತಿ ಇಡೀ ಪ್ರಾಂತ್ಯದಲ್ಲಿ ಗಟ್ಟಿಯಾಯಿತು. ಇಂಗ್ಲಿಷರ ಬಾಯಲ್ಲಿ ರಯತ ‘ರಯಟ್’ ಆಗಿ ಅವರ ನಿಘಂಟಿಗೂ ಸೇರಿತು.

ಕೇಳಲು ಚೆನ್ನಾಗಿದೆ, ಸರ್ಕಾರ ನೇರವಾಗಿ ರೈತನ ಜೊತೆ. ಆದರೆ ತುಳುನಾಡಿನಲ್ಲಿ ಆ ರೈತ ಯಾರು? ಇಲ್ಲಿ ಭೂಮಿಯ ಲೆಕ್ಕ ಇದ್ದದ್ದು ‘ವರ್ಗ’ದಲ್ಲಿ. ವರ್ಗ ಯಾರ ಹೆಸರಿನಲ್ಲಿದೆಯೋ ಅವನು ವರ್ಗದಾರ. ಸರ್ಕಾರದ ಕಣ್ಣಿಗೆ ಅವನೇ ರೈತ. ಆದರೆ ಎಷ್ಟೋ ವರ್ಗದಾರರು ಗದ್ದೆಗೆ ಕಾಲಿಡುತ್ತಿರಲಿಲ್ಲ. ಅವರ ಕೆಳಗೆ ಮೂಲಗೇಣಿಯವರು, ಅಂದರೆ ನಿಗದಿಯಾದ ಗೇಣಿ ಕೊಟ್ಟು ತಲೆತಲಾಂತರದ ಹಕ್ಕು ಉಳ್ಳವರು. ಅವರ ಕೆಳಗೆ ಚಾಲಗೇಣಿಯವರು. ಚಾಲಗೇಣಿ ಎಂದರೆ ಧಣಿಗೆ ಮನಸ್ಸಿರುವ ತನಕ ಮಾತ್ರ. ಅವರಿಗೂ ಕೆಳಗೆ ಕೂಲಿಯವರು. ಬೈಲು, ಮಜಲು, ಬೆಟ್ಟು ಗದ್ದೆಗಳಲ್ಲಿ ಏಣಿಲು, ಸುಗ್ಗಿ ಬೆಳೆ ತೆಗೆದವರು ಇವರು. ಇವರಿಗಿದ್ದ ಹೆಸರು ರೈತ ಅಲ್ಲ, ‘ಒಕ್ಕಲು’. ಒಕ್ಕಲೆಬ್ಬಿಸು ಎಂಬ ಕ್ರಿಯಾಪದ ಕನ್ನಡದಲ್ಲಿ ಹೇಗೆ ಬಂತು ಎಂದು ಯೋಚಿಸಿ ನೋಡಿ. ಒಕ್ಕಲು ಎಂದರೆ ಎಬ್ಬಿಸಬಹುದಾದವನು.

ಕಾಗದದಲ್ಲಿ ರೈತರಾಗಿದ್ದವರೂ ಸುಖದಲ್ಲಿರಲಿಲ್ಲ. 1830–31ರಲ್ಲಿ ತೀರ್ವೆಯ ಭಾರ ತಾಳಲಾರದೆ ಕೆನರಾದ ಜನರು ಊರೂರುಗಳಲ್ಲಿ ಗುಂಪು ಸೇರಿ ತೀರ್ವೆ ಕೊಡುವುದಿಲ್ಲ ಎಂದು ಕುಳಿತರು. ಆ ಸಭೆಗಳನ್ನು ‘ಕೂಟ’ ಎಂದು ಕರೆದರು. ಇತಿಹಾಸದಲ್ಲಿ ಅವು ಕೆನರಾದ ಕೂಟಗಳೆಂದೇ ದಾಖಲಾಗಿವೆ. ಕಾಯುವವನು ಕಾಯದಿದ್ದರೆ ರಯತ ಎದ್ದು ನಿಲ್ಲುತ್ತಾನೆ ಎಂಬುದಕ್ಕೆ ನಮ್ಮ ಜಿಲ್ಲೆಯ ಹಳೆಯ ಉದಾಹರಣೆ ಅದು.

ಈಗ ಅಜ್ಜನ ಕಥೆ. ಬ್ಯಾರಿ ಎಂದೊಡನೆ ಜನರ ಕಣ್ಣಮುಂದೆ ಬರುವುದು ವ್ಯಾಪಾರ. ತುಳುವಿನ ‘ಬ್ಯಾರ’, ವ್ಯಾಪಾರ ಎಂಬುದರಿಂದಲೇ ಬ್ಯಾರಿ ಎಂಬ ಹೆಸರು ಬಂತೆಂದು ನಮ್ಮವರೇ ಹೇಳುತ್ತಾರೆ. ಮೀನು, ಅಡಿಕೆ, ಒಣಮೆಣಸು, ಜವಳಿ. ಸರಿ. ಆದರೆ ಊರೊಳಗಿನ ಹಳ್ಳಿಗಳಲ್ಲಿ ಗೇಣಿ ಗದ್ದೆ ಮಾಡಿದ ಬ್ಯಾರಿಗಳು ಕಡಿಮೆ ಇರಲಿಲ್ಲ. ನನ್ನ ಅಜ್ಜ ಅವರಲ್ಲಿ ಒಬ್ಬರು. ಚಾಲಗೇಣಿಯ ಒಂದೂವರೆ ಎಕರೆ. ಮಳೆಗಾಲದಲ್ಲಿ ಉಳುಮೆ, ಬೇಸಿಗೆಯಲ್ಲಿ ತಲೆಹೊರೆಯ ವ್ಯಾಪಾರ. ಬೆಳೆ ಬಂದಾಗ ಮೊದಲು ಧಣಿಯ ಮನೆಗೆ ಅಕ್ಕಿ ಮುಡಿ ಹೋಗಬೇಕು. ಉಳಿದದ್ದು ಮನೆಗೆ. ಒಂದು ವರ್ಷ ನೆರೆಗೆ ಬೆಳೆ ಕೊಚ್ಚಿಹೋದಾಗಲೂ ಗೇಣಿ ಬಾಕಿ ಎಂದು ಬರೆದುಕೊಂಡರಂತೆ. ಉಮ್ಮ ಆ ವರ್ಷದ ಹಸಿವನ್ನು ಹಲಸಿನ ಬೀಜದ ಲೆಕ್ಕದಲ್ಲಿ ಹೇಳುತ್ತಾರೆ. ಊಟಕ್ಕೆ ತಲೆಗೆ ಎಷ್ಟು ಬೀಜ ಎಂದು.

ಆ ಕಾಲದ ಒಂದು ಗೇಣಿ ಚೀಟು ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಈಗಲೂ ಇದೆ. ಅದರಲ್ಲಿ ಅಜ್ಜನ ಹೆಸರಿನ ಮುಂದೆ ‘ಒಕ್ಕಲು’ ಎಂದು ಇದೆ. ಊರಿನವರಿಗೆ ಅವರು ಬ್ಯಾರಿ, ಧಣಿಗೆ ಒಕ್ಕಲು, ಸಂತೆಯಲ್ಲಿ ಸಾಹೇಬರು. ರೈತ ಮಾತ್ರ ಯಾರಿಗೂ ಅಲ್ಲ.

ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಆ ದಿನದಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡಬೇಕು. ನಮ್ಮ ಕಡೆ ಇದನ್ನು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಡಿಕ್ಲರೇಶನ್ ಕೊಡಲು ಅಜ್ಜನಿಗೆ ಧೈರ್ಯವಿರಲಿಲ್ಲ. ಧಣಿಯ ಉಪ್ಪು ತಿಂದಿದ್ದೇವೆ, ಹೇಗೆ ಎದುರು ನಿಲ್ಲುವುದು ಎಂದು ಎರಡು ತಿಂಗಳು ಹಿಂದೇಟು ಹಾಕಿದರಂತೆ. ಕೊನೆಗೆ ನೆರೆಯ ಬಿಲ್ಲವರ ಒಬ್ಬರು, ಅವರೂ ಅದೇ ಧಣಿಯ ಒಕ್ಕಲು, “ಬ್ಯಾರ್ರೆ, ನೀವು ಕೊಡದಿದ್ದರೆ ನಾನೂ ಕೊಡುವುದಿಲ್ಲ. ನಾಳೆ ಇಬ್ಬರ ಮಕ್ಕಳೂ ದಾರಿಯಲ್ಲಿ” ಎಂದರು. ಮರುದಿನ ಇಬ್ಬರೂ ಒಟ್ಟಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು.

ಹಕ್ಕುಪತ್ರ ಕೈಗೆ ಬರಲು ವರ್ಷಗಳು ಹಿಡಿದವು. ಬಂದ ದಿನ ಅಜ್ಜ ಅದನ್ನು ಓದಿಸಿ ಕೇಳಿದರು. ಎಲ್ಲ ಕೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ. “ಇದರಲ್ಲಿ ಒಕ್ಕಲು ಅಂತ ಎಲ್ಲಿಯಾದರೂ ಬರೆದಿದೆಯಾ?”

ಫೋಂಡಾದಲ್ಲಿ ಅಳಿಯನಿಗೆ ಈ ಕಥೆ ಹೇಳಿದಾಗ ಅವನ ಅಪ್ಪ ನಡುವೆ ಬಾಯಿ ಹಾಕಿ, “ಇಲ್ಲಿಯೂ ಹಾಗೆಯೇ ಭಾವ. ಇಲ್ಲಿ ಮುಂಡಕಾರ ಅಂತಾರೆ” ಎಂದ. ಗೋವಾದಲ್ಲಿ ಭೂಮಿಯ ಧಣಿ ‘ಭಾಟಕಾರ’. ಅವನ ಜಾಗದಲ್ಲಿ ಮನೆ ಕಟ್ಟಿಕೊಂಡು ಇದ್ದವನು ‘ಮುಂಡಕಾರ’. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರಲ್ಲಿ. ಅದಾದ ಮೇಲೆ 1964ರಲ್ಲಿ ಗೇಣಿದಾರರಿಗಾಗಿ ಒಂದು ಕಾಯ್ದೆ, 1975ರಲ್ಲಿ ಮುಂಡಕಾರರನ್ನು ಎಬ್ಬಿಸದಂತೆ ಇನ್ನೊಂದು ಕಾಯ್ದೆ ಬಂತು. ನಮ್ಮ ಒಕ್ಕಲು, ಅವರ ಮುಂಡಕಾರ. ಹೊಳೆಗಳು ಬೇರೆ, ನೀರು ಒಂದೇ.

ಕರ್ನಾಟಕದಲ್ಲಿ ಆಮೇಲೆ ರೈತ ಎಂಬ ಶಬ್ದ ತಲೆ ಎತ್ತಿ ನಡೆಯಿತು. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ನೀರಿನ ಕರದ ವಿರುದ್ಧ ಎದ್ದ ಚಳವಳಿಯಲ್ಲಿ ಗೋಲಿಬಾರು ನಡೆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಹೆಸರೂ ಹಸಿರು ಶಾಲೂ ಮನೆಮಾತಾದವು. ಮಂದೆ ಎಂಬ ಅರ್ಥದಲ್ಲಿ ಹೊರಟ ಶಬ್ದ, ಸರ್ಕಾರದ ಎದುರು ಎದೆಯುಬ್ಬಿಸಿ ನಿಲ್ಲುವವನ ಹೆಸರಾಯಿತು. ಶಬ್ದಗಳಿಗೂ ಇಂಥ ಬಡ್ತಿ ಸಿಗುವುದು ಅಪರೂಪ.

ಆದರೆ ಯಾರು ರೈತ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ರೈತನಲ್ಲದವನು ಕೃಷಿ ಭೂಮಿ ಕೊಳ್ಳಲು ಕರ್ನಾಟಕದಲ್ಲಿ ಬಹುಕಾಲ ಕಾನೂನಿನ ತಡೆ ಇತ್ತು. ಗಲ್ಫಿನಲ್ಲಿ ದುಡಿದು ಊರಿಗೆ ಮರಳಿ ಒಂದು ತುಂಡು ತೋಟ ಕೊಳ್ಳಬೇಕೆಂದವರು ತಮ್ಮ ಅಪ್ಪ, ಅಜ್ಜಂದಿರ ಹೆಸರಿನಲ್ಲಿ ಪಹಣಿ ಇದೆಯೇ ಎಂದು ಹುಡುಕಿದ್ದು ನಮ್ಮಲ್ಲಿ ಎಷ್ಟೋ ಮನೆಗಳ ಅನುಭವ. 1974ರಲ್ಲಿ ಡಿಕ್ಲರೇಶನ್ ಕೊಟ್ಟವರ ಮೊಮ್ಮಕ್ಕಳಿಗೆ ಕಾಗದ ಸಿಕ್ಕಿತು. ಭಯದಿಂದಲೋ ದಾಕ್ಷಿಣ್ಯದಿಂದಲೋ ಕೊಡದೆ ಕುಳಿತವರ ಮೊಮ್ಮಕ್ಕಳಿಗೆ, ಅವರ ಅಜ್ಜ ಜೀವಮಾನವಿಡೀ ಉತ್ತಿದ್ದರೂ, ತೋರಿಸಲು ಏನೂ ಇರಲಿಲ್ಲ. 2020ರ ತಿದ್ದುಪಡಿ ಆ ತಡೆಯನ್ನು ತೆಗೆದುಹಾಕಿತು. ಅದರಿಂದ ಒಳ್ಳೆಯದಾಯಿತೇ ಕೆಟ್ಟದ್ದಾಯಿತೇ ಎಂಬ ಚರ್ಚೆ ಬೇರೆ. ಆದರೆ ಒಂದು ಶಬ್ದ ಯಾರ ಹೆಸರಿನ ಮುಂದೆ ಬರೆಯಲ್ಪಟ್ಟಿತು, ಯಾರ ಹೆಸರಿನ ಮುಂದೆ ಬರೆಯಲ್ಪಡಲಿಲ್ಲ ಎಂಬುದು ಮೂರು ತಲೆಮಾರಿನ ಬದುಕನ್ನು ನಿರ್ಧರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಸಣ್ಣ ಸಂಗತಿ ಹೇಳಲೇಬೇಕು. ‘ರಿಯಾಯಿತಿ’ ಎಂಬ ಶಬ್ದ ನಮ್ಮ ಅಂಗಡಿಗಳ ಬೋರ್ಡಿನಲ್ಲಿ ದಿನವೂ ಕಾಣುತ್ತದೆ. ಅದರ ಮೂಲವೂ ಅದೇ ಅರಬಿ ಧಾತು. ‘ರಿಆಯ’ ಎಂದರೆ ಆರೈಕೆ, ಕಾಳಜಿ. ಕಾಳಜಿಯಿಂದ ಮಾಡಿದ ವಿನಾಯಿತಿ ರಿಯಾಯಿತಿ. ಕಾಳಜಿಗೆ ಪಾತ್ರನಾದವನು ರಯತ. ಅಂಗಡಿಯ ಗಲ್ಲೆಯಲ್ಲಿ ಕುಳಿತ ಬ್ಯಾರಿಯ ಶಬ್ದವೂ, ಗದ್ದೆಯಲ್ಲಿ ನಿಂತ ಬ್ಯಾರಿಯ ಶಬ್ದವೂ ಒಂದೇ ತಾಯಿಯ ಮಕ್ಕಳು. ತಲೆಹೊರೆ ಹೊತ್ತೂ ಗದ್ದೆ ಉತ್ತೂ ಬಾಳಿದ ಅಜ್ಜನಿಗೆ ಇದು ಗೊತ್ತಿದ್ದರೆ ಖುಷಿಪಡುತ್ತಿದ್ದರು.

ಊರಿಗೆ ಹೊರಡುವ ದಿನ ಮತ್ತೆ ಅದೇ ಬ್ಯಾನರಿನ ಕೆಳಗೆ ಬಸ್ಸಿಗೆ ಕಾದೆವು. “ಮಾಮ, ಯಾವ ಅರ್ಥ ಸರಿ ಅಂತ ಗೊತ್ತಾಯಿತಾ?” ಎಂದು ಅಳಿಯ ಕೇಳಿದ. ಎರಡೂ ಸರಿ ಎಂದೆ. ನಿನ್ನದು ಹಳೆಯದು, ನನ್ನದು ಹೊಸದು. ಹಳೆಯದರಲ್ಲಿ ಎಲ್ಲರಿಗೂ ಜಾಗವಿತ್ತು. ಹೊಸದರಲ್ಲಿ ಜಾಗ ಸಿಗಲು ನಿನ್ನ ಮುತ್ತಜ್ಜ ಹೆಬ್ಬೆಟ್ಟು ಒತ್ತಬೇಕಾಯಿತು.

ಓದಿದ ನಿಮ್ಮಲ್ಲಿ ಒಂದು ಕೋರಿಕೆ. ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಗೇಣಿ ಚೀಟು, ತೀರ್ವೆಯ ರಸೀದಿ, ಮಂಡಳಿಯ ತೀರ್ಪು ಇದ್ದರೆ ಗೆದ್ದಲು ಹಿಡಿಯುವ ಮೊದಲು ತೆಗೆದು ನೋಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ನಿಮ್ಮ ಅಜ್ಜ, ಮುತ್ತಜ್ಜಂದಿರ ಹೆಸರಿನ ಮುಂದೆ ಯಾವ ಶಬ್ದ ಇದೆ ಎಂದು ಓದಿ, ಮನೆಯ ಮಕ್ಕಳಿಗೆ ಅದರ ಅರ್ಥ ಹೇಳಿ. ಅದನ್ನು ಓದಿ ಹೇಳಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.